ಮಣ್ಣು ಬೇಡದ ಬೀಜ

ಮೊಳಕೆಕಾಳಿನ ಸಾರಿಗೆ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇವಲ್ಲ, ಕೀಟ ತಿನ್ನುವ ಡ್ರೊಸೆರಾ ಗಿಡದ ಬೀಜಕ್ಕೂ ಹಾಗೆಯೇ ಮಣ್ಣು ಬೇಡ. ಆದರೆ ಕಟ್ಟಿಟ್ಟರೆ ಆಗದು. ಧೂಳಿನಷ್ಟು ಸಣ್ಣ ಬೀಜ, ಅದಕ್ಕೆ ಬೆಳಕು ಬೇಕು. ಒದ್ದೆ ಟಿಶ್ಯೂ ಕಾಗದದ ಮೇಲೆ ಉದುರಿಸಿ, ಪಾರದರ್ಶಕ ಡಬ್ಬಿಯ ಮುಚ್ಚಳ ಹಾಕಿ, ಬೆಂಗಳೂರಿನ ಜಯನಗರದ ಯಾವ ಮನೆಯ ಕಿಟಕಿಯಲ್ಲಾದರೂ ಇಡಬಹುದು. ನೇರ ಬಿಸಿಲು ಬೇಡ.

ತಕರಾರೆಲ್ಲ ನೀರಿನದು. ಜೆ.ಪಿ. ನಗರ, ಬನಶಂಕರಿಯ ಕೊಳವೆಬಾವಿಗಳ ಗಡಸು ನೀರು ಇದಕ್ಕೆ ಆಗಿಬರುವುದಿಲ್ಲ, ಮಳೆನೀರನ್ನೇ ಹಿಡಿದಿಡಬೇಕು. ಏಕೆಂದರೆ ಇವು ಬಡ ನೆಲದ ಗಿಡಗಳು. ಡ್ರೊಸೆರಾ ಬರ್ಮಾನಿ, ಡ್ರೊಸೆರಾ ಇಂಡಿಕಾ ನಮ್ಮ ಕರ್ನಾಟಕದಲ್ಲೇ, ಸಾರವಿಲ್ಲದ ಜೌಗು ಜಾಗಗಳಲ್ಲಿ ಬೆಳೆಯುತ್ತವೆ. ನೆಲ ಕೊಡದ ಸಾರಜನಕವನ್ನು ಎಲೆಯ ಅಂಟಿಗೆ ಸಿಕ್ಕ ಹುಳುವಿನಿಂದ ವಸೂಲು ಮಾಡುತ್ತವೆ.

ಕೀಟಾಹಾರಿ ಸಸ್ಯಗಳ ಬಗ್ಗೆ ಡಾರ್ವಿನ್ 1875ರಲ್ಲಿ ಒಂದಿಡೀ ಪುಸ್ತಕ ಬರೆದ. ಆ ತಾಳ್ಮೆ ನಮಗೆಲ್ಲಿ? ಮೊಳಕೆ ಕಂಡ ಕೂಡಲೇ ಗೊಬ್ಬರ ಹಾಕಲು ಕೈ ತುರಿಸುತ್ತದೆ. ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಪುಟ್ಟ ಎಲೆ ಮೂಡಿದ ಮೇಲೆ ಒದ್ದೆ ಕುಂಚದ ತುದಿಯಿಂದ ಎತ್ತಿ ಸ್ಫ್ಯಾಗ್ನಮ್ ಪಾಚಿಗೆ ದಾಟಿಸಿ. ಊಟದ ಚಿಂತೆ ನಿಮಗೆ ಬೇಡ. ಪಕ್ಕದಲ್ಲಿ ಕಳಿತ ಬಾಳೆಹಣ್ಣಿದ್ದರೆ ಸಣ್ಣ ನೊಣಗಳು ಕರೆಯದೆ ಬರುತ್ತವೆ.