ಹಡಗೇರಿದ ಅದಿರಿನ ಲೆಕ್ಕ

ಸರೋವರದಲ್ಲಿ ಅದಿರು ಸಾಗಿಸುತ್ತಾರೆ ಅಂದರೆ ನಮಗೆ ಹುಬ್ಬಳ್ಳಿಯ ಉಣಕಲ್ ಕೆರೆಯ ದೋಣಿ ನೆನಪಾಗಿ ನಗು ಬಂದೀತು. ಆದರೆ ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಎಷ್ಟೋ ಊರುಗಳು ಬೆಳೆದದ್ದೇ ಆ ವ್ಯಾಪಾರದಿಂದ. 1855ರಲ್ಲಿ ಅಲ್ಲಿನ ಸೂ ಕಾಲುವೆ ದಾಟಿದ ಮೊದಲ ಅದಿರು, ‘ಕೊಲಂಬಿಯಾ’ ಎಂಬ ಹಾಯಿಹಡಗಿನ 132 ಟನ್. ಕಾಲುವೆಗೆ ಸುಂಕವಿತ್ತು. ಸುಂಕ ಬಂದಲ್ಲಿ ದಫ್ತರವೂ ಬರುತ್ತದೆ.

ನಮ್ಮ ಅದಿರಿಗೆ ಅಂಥ ಸರೋವರವಿಲ್ಲ. ಸಂಡೂರು, ಹೊಸಪೇಟೆಯ ಮಾಲು ಗದಗ, ಹುಬ್ಬಳ್ಳಿ, ಲೋಂಡಾ ಹಾದು, ಕ್ಯಾಸಲ್‌ರಾಕ್‌ನಿಂದಾಚೆ 37 ಅಡಿಗೆ ಒಂದಡಿ ಇಳಿಯುವ ಘಟ್ಟದಲ್ಲಿ ರೈಲಿನಲ್ಲಿ ಮುರ್ಮುಗೋವಾ ಸೇರುತ್ತಿತ್ತು. ಲಾರಿಯ ಮಾಲು ಯಲ್ಲಾಪುರ, ಅರಬೈಲು ಘಟ್ಟದ ಮೇಲಿಂದ ಅಂಕೋಲೆಯ ಬೇಲೆಕೇರಿಗೆ. ಒಳನಾಡಿನ ಜಲಮಾರ್ಗ ಇದ್ದದ್ದು ಗೋವಾದವರಿಗೆ. ಮಳೆಗಾಲದಲ್ಲಿ ಮಾಂಡವಿಯ ಅಳಿವೆ ದಾಟಲಾಗದಾಗ ಬಾರ್ಜುಗಳು ಕುಂಬಾರ್ಜುವಾ ಕಾಲುವೆ ಹಿಡಿದು ಜುವಾರಿಗೆ ಹೋಗುತ್ತಿದ್ದವು.

ಬಂದರಿನಲ್ಲಿ ಅದಿರಿನ ತೂಕ ನೋಡಲು ಹಡಗನ್ನು ಯಾರೂ ತಕ್ಕಡಿಗೆ ಇಡುವುದಿಲ್ಲ. ಅದರ ಮೈಮೇಲೆ ಮುಂದೆ, ನಡುವೆ, ಹಿಂದೆ, ಎರಡೂ ಬದಿಗೆ ಅಂಕಿ ಬರೆದಿರುತ್ತಾರೆ. ಮಾಲು ತುಂಬುವ ಮುಂಚೆ ಒಮ್ಮೆ, ತುಂಬಿದ ಮೇಲೊಮ್ಮೆ ಸರ್ವೇಯರ್ ಸಣ್ಣ ದೋಣಿಯಲ್ಲಿ ಸುತ್ತಿ ನೀರು ಯಾವ ಅಂಕಿಯವರೆಗೆ ಬಂದಿದೆ ಎಂದು ಓದುತ್ತಾನೆ. ಅಲೆಯಿದ್ದರೆ ಕಾಯಬೇಕು. ಬಕೆಟ್ಟಿನಲ್ಲಿ ನೀರೆತ್ತಿ ಸಾಂದ್ರತೆಯನ್ನೂ ನೋಡಬೇಕು, ಏಕೆಂದರೆ ಸಿಹಿನೀರಿನಲ್ಲಿ ಹಡಗು ಹೆಚ್ಚು ಮುಳುಗುತ್ತದೆ. ಎರಡು ಓದಿನ ನಡುವಿನ ತೂಕದ ವ್ಯತ್ಯಾಸದಲ್ಲಿ ಇಂಧನ, ಬ್ಯಾಲಸ್ಟ್ ನೀರಿನ ಏರಿಳಿತ ಸರಿದೂಗಿಸಿ ಉಳಿದದ್ದೇ ಅದಿರು. ದೊಡ್ಡ ಹಡಗಿನಲ್ಲಿ ಒಂದು ಸೆಂಟಿಮೀಟರ್ ತಪ್ಪು ಓದಿದರೆ 50 ಟನ್ನಿಗೂ ಹೆಚ್ಚು ವ್ಯತ್ಯಾಸ. ಅಂದರೆ ಮೂರು ಲಾರಿ ಮಾಲು! ಅದರ ಮೇಲೆ ಅದಿರಿನ ತೇವಾಂಶದ್ದು ಇನ್ನೊಂದು ತಕರಾರು.

ಆದರೂ ನನಗೆ ಈ ಸರ್ವೇಯರನ ಕಾಗದದ ಮೇಲೇ ನಂಬಿಕೆ ಹೆಚ್ಚು. ಮಾರುವವನು, ಕೊಳ್ಳುವವನು ಇಬ್ಬರೂ ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ಗಣಿಯ ಪರ್ಮಿಟ್ಟಿಗೆ ಆ ಕಾವಲಿಲ್ಲ. ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ಅಕ್ರಮ ಗಣಿಗಾರಿಕೆ ವರದಿ ಬಂದರುಗಳಿಂದ ಹೋದ ಅದಿರನ್ನೂ ಪರ್ಮಿಟ್ಟುಗಳನ್ನೂ ಪಕ್ಕಪಕ್ಕ ಇಟ್ಟಿತು. 2006ರಿಂದ 2010ರವರೆಗೆ ಪರ್ಮಿಟ್ ಇಲ್ಲದೆ ಹೋದದ್ದು ಸುಮಾರು 2.98 ಕೋಟಿ ಟನ್, ಬೆಲೆ ₹12,228 ಕೋಟಿ. ಬೇಲೆಕೇರಿಯಲ್ಲಂತೂ 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಮಾಲಿನಲ್ಲೇ ಲಕ್ಷಾಂತರ ಟನ್ ಹಡಗೇರಿತ್ತು.

ಲೆಕ್ಕ ಹೊರಬರುವುದು ಇಂಥ ಕಾಗದಗಳಿಂದಲೇ, ಅದಕ್ಕೆ ಇಲ್ಲಿರುವ ಇತಿಹಾಸದ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಶಾಸನ, ಕೈಫಿಯತ್ತುಗಳ ಜೊತೆಗೆ ಲಾರಿಯ ಟ್ರಿಪ್ ಶೀಟು, ರೈಲ್ವೆ ರಸೀದಿ, ವೇಬ್ರಿಜ್ಜಿನ ಚೀಟಿಗಳನ್ನೂ ಕೂಡಿಸಿಡಿ. ಚೀಟಿಯ ಅಕ್ಷರ ಬೇಗ ಮಾಸುತ್ತದೆ, ಸಿಕ್ಕ ದಿನವೇ ಫೋಟೋ ತೆಗೆದುಕೊಳ್ಳಿ.