ಕೀ ಕೊಡೋ ಮುಂಚೆ ಡಿಎಲ್ ಕೇಳಿ

ನಮ್ಮೂರು ಚಿತ್ರದುರ್ಗದ ಭೀಮಸಮುದ್ರ. ಅಡಿಕೆ ಸುಗ್ಗಿ ಬಂತಂದ್ರೆ ಇಲ್ಲಿ ಏಣಿ, ಟಾರ್ಪಾಲು, ಬೈಕು ಎಲ್ಲವೂ ಎರವಲು ಓಡಾಡ್ತವೆ. ಇಲ್ಲ ಅನ್ನೋಕೆ ಸಂಕೋಚ.

ಹೋದ ಸುಗ್ಗೀಲಿ ಗೆಳೆಯನೊಬ್ಬ, "ಮಗಾ, ಕೀ ಕೊಡೋ, ಹೊಳಲ್ಕೆರೆಗೆ ಹೋಗಿ ಬರ್ತೀನಿ" ಅಂದ. ಅವನ ಹತ್ರ ಡಿಎಲ್ ಇಲ್ಲ ಅಂತ ಗೊತ್ತಿತ್ತು. ಆ ಮಾತೆತ್ತಿದ್ರೆ ಬೇಜಾರು ಮಾಡ್ಕೋತಾನೆ ಅಂತ ಸುಮ್ನೆ ಕೊಟ್ಟೆ. ಕೆರೆ ಹತ್ರ ತಿರುವಲ್ಲಿ ಜಾರಿ ಬಿದ್ದ. ಮೊಣಕೈ ತರಚಿತು, ಅಷ್ಟೇ. ಎದುರಿಗೆ ಯಾರಾದ್ರೂ ಬಂದಿದ್ರೆ?

ಆಮೇಲೆ ಕಾನೂನು ತಿಳ್ಕೊಂಡೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯ್ತು. ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಯಾರಿಗಾದರೂ ಗಾಯವಾಗಿದ್ದರೆ, ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕನಿಂದಲೇ ವಸೂಲಿ ಮಾಡಬಹುದು.

ಮರುದಿನ ಅವನು ಮಡ್‌ಗಾರ್ಡ್ ಸರಿ ಮಾಡಿಸಿ, ಪೆಟ್ರೋಲ್ ಹಾಕಿಸಿ ಕೀ ತಂದುಕೊಟ್ಟ. "ನೀನು ಕೇಳಿದ್ದಿದ್ರೆ ಬಸ್ಸಿಗೆ ಹೋಗ್ತಿದ್ದೆ ಕಣೋ" ಅಂದ.

ಈಗ ನಾನು ಕೇಳ್ತೀನಿ. ಡಿಎಲ್ ಇಲ್ಲ ಅಂದ್ರೆ ನಾನೇ ಹಿಂದೆ ಕೂರಿಸ್ಕೊಂಡು ಹೋಗ್ತೀನಿ. ಇದರಿಂದ ಸ್ನೇಹವೇನೂ ಕೆಟ್ಟಿಲ್ಲ. ನೀವೂ ಕೇಳಿ.