ಮನೆ ಆಟದಲ್ಲಿ ಅಮ್ಮ ಯಾರು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿದವರಲ್ಲಿ ಎಂಜಿನಿಯರುಗಳಿದ್ದಾರೆ, ದೊಡ್ಡ ಅಧಿಕಾರಿಗಳಿದ್ದಾರೆ. ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಓಡಾಡಿದವಳು. ಹಾಗಾಗಿ ನಾಲ್ಕೈದು ವರ್ಷದ ಮಕ್ಕಳ ಬಗ್ಗೆಯೇ ಎರಡು ಮಾತು ಆಡುತ್ತೇನೆ. 1975ರ ಅಕ್ಟೋಬರ್ 2ರಂದು ಶುರುವಾದ ಈ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂಗನವಾಡಿ ಎಂದರೆ ಊಟ ಹಾಕುವ ಜಾಗ ಎಂದೇ ಈಗಲೂ ಹಲವರ ಎಣಿಕೆ. "ಬರೀ ಆಟ ಆಡಿಸ್ತೀರಲ್ಲ ಮೇಡಂ, ಎ ಬಿ ಸಿ ಡಿ ಯಾವಾಗ?" ಎಂದು ತಾಯಂದಿರು ಕೇಳುತ್ತಿದ್ದರು.

ಆ 'ಬರೀ ಆಟ'ವನ್ನು ಒಂದು ಗಳಿಗೆ ನಿಂತು ನೋಡಬೇಕು. ನಾವು ಮನೆ ಆಟ ಎನ್ನುತ್ತೇವೆ, ತೆಲುಗು ಮಾತಿನ ಮನೆಯವರು ಬೊಮ್ಮರಿಲ್ಲು ಎನ್ನುತ್ತಾರೆ. ಮರಳೇ ಅನ್ನ, ಹೊಂಗೆ ಎಲೆಯೇ ತಟ್ಟೆ. ನಮ್ಮ ಕಡೆ ಟೊಮೆಟೊ ಮಂಡಿ ಆಟವೂ ಉಂಟು: ಒಬ್ಬ ಹರಾಜು ಕೂಗುತ್ತಾನೆ, ಇನ್ನೊಬ್ಬ "ರೇಟು ಬಿದ್ದೋಯ್ತು" ಎಂದು ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಮನೆಯಲ್ಲಿ ಅಪ್ಪನನ್ನು ಅವನು ಹೇಗೆ ನೋಡಿದ್ದಾನೆಂದು ಯಾರೂ ಹೇಳಬೇಕಾಗಿಲ್ಲ.

ಆಡುವುದಕ್ಕಿಂತ ಆಟ ಹೂಡುವುದಕ್ಕೇ ಅವರಿಗೆ ಹೆಚ್ಚು ಹೊತ್ತು ಬೇಕು. ಅಮ್ಮ ಯಾರು, ಪಾಪು ಯಾರು, ಡೈರಿಯಲ್ಲಿ ಹಾಲು ಅಳೆಯುವವರು ಯಾರು? ಜಗಳ, ಮುನಿಸು, ಕೊನೆಗೆ "ಇವತ್ತು ನೀನು, ನಾಳೆ ನಾನು" ಎಂಬ ರಾಜಿ. ಈ ಕಲ್ಲು ಟೊಮೆಟೊ ಎಂದು ಎಲ್ಲರೂ ಒಪ್ಪಿದರೇ ಮಂಡಿ. ಒಬ್ಬ "ಅದು ಕಲ್ಲು ಕಣೋ" ಎಂದರೆ ಮಂಡಿ ಮುಚ್ಚಿತು. ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1933ರ ಒಂದು ಉಪನ್ಯಾಸದಲ್ಲಿ ಇಬ್ಬರು ಅಕ್ಕತಂಗಿಯರ ವಿಷಯ ಹೇಳುತ್ತಾನೆ. ಅವರು ಆಡಿದ್ದು 'ಅಕ್ಕತಂಗಿ' ಆಟವನ್ನೇ! ದಿನವೂ ಗೊತ್ತಿಲ್ಲದೆ ಬದುಕುತ್ತಿದ್ದ ಸಂಬಂಧ ಆಟದಲ್ಲಿ ನಿಯಮವಾಯಿತು.

ಹೊಸ ಮಗು "ನನ್ನೂ ಸೇರಿಸ್ಕೊಳ್ರೋ" ಎಂದರೆ ಸಾಮಾನ್ಯವಾಗಿ "ಇಲ್ಲ" ಎಂಬ ಉತ್ತರವೇ. ಜಾಣ ಮಗು ಕೇಳುವುದಿಲ್ಲ. ಸ್ವಲ್ಪ ನೋಡಿಕೊಂಡಿದ್ದು, ಮುರುಕು ಪುಟ್ಟಿಯೊಂದನ್ನು ತಂದು "ಇನ್ನೊಂದು ಲೋಡು ಬಂತು" ಎನ್ನುತ್ತದೆ. ಅದಕ್ಕೆ ಜಾಗ ಸಿಕ್ಕಿಬಿಡುತ್ತದೆ.

ಆದರೆ ಎಲ್ಲರಿಗೂ ಸಿಗುವುದಿಲ್ಲ. ಆಟದೊಳಕ್ಕೆ ಊರೂ ಬರುತ್ತದೆ. ಒಂದು ಕೇಂದ್ರದಲ್ಲಿ ಒಬ್ಬಳು ಹುಡುಗಿ ದಿನವೂ ಹೊರಗೆ ಕಟ್ಟಿದ ಹಸು. ಅಡುಗೆಮನೆಯ ಗೆರೆ ದಾಟುವಂತಿಲ್ಲ. ಯಾಕಮ್ಮಾ ಎಂದರೆ, "ಅವಳು ಕೊಟ್ಟ ನೀರು ನಾವು ಕುಡಿಯಲ್ಲ" ಎಂದಿತು ಐದು ವರ್ಷದ ಬಾಯಿ. ಅಲ್ಲಿದ್ದ ಕಾರ್ಯಕರ್ತೆ ಗದರಲಿಲ್ಲ, ಉಪದೇಶ ಮಾಡಲಿಲ್ಲ. ನೆಂಟರ ಹಾಗೆ ಬಾಗಿಲು ತಟ್ಟಿ, ಒಳಗೆ ಬಂದು ಕೂತು, "ಬಿಸಿಲಲ್ಲಿ ಬಂದಿದ್ದೀನಿ, ಹಸು ಆಗಿರೋಳು ಎದ್ದು ನೀರು ಕೊಡಮ್ಮ" ಎಂದಳು. ತೆಂಗಿನ ಚಿಪ್ಪಿನಲ್ಲಿ ಇಲ್ಲದ ನೀರು ಬಂತು. ಗಟಗಟ ಕುಡಿದು, "ಇನ್ನೊಂದು ಲೋಟ" ಎಂದಳು. ಉಳಿದವರೂ ಚಿಪ್ಪು ಹಿಡಿದು ಅವಳ ಮುಂದೆ ನಿಂತರು.

ಊರು ಬದಲಾಯಿತೇ ಎಂದರೆ ಇಲ್ಲ. ಮರುವಾರ ನಾನು ಹೋದಾಗ ಆ ಹುಡುಗಿ ಸೌಟು ಹಿಡಿದು ಎಲ್ಲರಿಗೂ ಬಡಿಸುತ್ತಿದ್ದಳು. ನನ್ನನ್ನೂ ಬಿಡಲಿಲ್ಲ, ಎರಡು ಸಲ ಮರಳು ಬಡಿಸಿದಳು.